ಹರಿಗೋಲು ಹೋದ ದಾರಿ

ಪೀಣ್ಯದ ಫ್ಯಾಕ್ಟರಿಯಲ್ಲಿ ಟೈಂ ಕೀಪರ್ ಆಗಿದ್ದ ಹನುಮಂತರಾಯಪ್ಪ ಫ್ಯಾಕ್ಟರಿಯವರ ಜೊತೆ ಟೂರಿಗೆ ಬಂದರೂ ಕೈಗಡಿಯಾರದ ಮೇಲಿಂದ ಕಣ್ಣು ಕೀಳಲಿಲ್ಲ. ಆಗ ಎಪ್ಪತ್ತೊಂಬತ್ತನೇ ಇಸವಿ. ಎರಡು ಬೆಟ್ಟಗಳ ನಡುವೆ ಕಾವೇರಿ ಹರಿಯುವ ಕಣಿವೆ ಅದು. ಗುಡಿಗೆ ಇಪ್ಪತ್ತು ನಿಮಿಷ, ಊಟಕ್ಕೆ ಮೂವತ್ತು, ಕೋತಿ ಬಂಡೆಗೆ ಹತ್ತು ಎಂದು ಪಟ್ಟಿ ಬರೆದಿದ್ದ. ನಾಲ್ಕಕ್ಕೆ ಎಲ್ಲರೂ ಬಸ್ಸಿನಲ್ಲಿರಬೇಕು, ತಪ್ಪಿದವರಿಗೆ ಕಾಯುವುದಿಲ್ಲ ಎಂದು ಬೆಳಿಗ್ಗೆಯೇ ಸಾರಿದ್ದ.

ಹೆಂಡತಿ ವಸಂತಮ್ಮನದು ಒಂದೇ ಆಸೆ. "ರೀ, ಹರಿಗೋಲಲ್ಲಿ ಒಂದ್ಸಲ ಕೂರಿಸ್ರೀ. ನಾನ್ ಹೊಳೆ ನೋಡಿದ್ದೇ ಇವತ್ತು."

ಮೂರೂ ಹತ್ತಾಗಿತ್ತು. ಹೋಗಲು ಹದಿನೈದು ನಿಮಿಷ, ಬರಲು ಹದಿನೈದು ಎಂದುಕೊಂಡು ಹತ್ತಿದ.

ಹರಿಗೋಲು ಬುಗುರಿಯಂತೆ ತಿರುಗುತ್ತ ಹರಿವಿನ ಜೊತೆ ಕೆಳಕ್ಕೆ ಸಾಗಿತು. ವಸಂತಮ್ಮ ನೀರಲ್ಲಿ ಕೈಯಾಡಿಸಿ ನಗುತ್ತಿದ್ದಳು. ಇವನು ಮುಳ್ಳಿನ ಮೇಲೆ ಕೂತಂತಿದ್ದ.

"ಸಾಕು, ವಾಪಸ್ ತಿರುಗ್ಸಪ್ಪ."

ಅಂಬಿಗ ನಕ್ಕುಬಿಟ್ಟ. "ಒಳೆ ಇಂದಕ್ಕೆ ಅರೀತದಾ ಸಾಮಿ? ಇಳ್ದು ನಡೀಬೇಕು."

ದಡ ಮುಟ್ಟಿದ ಮೇಲೆ ಅಂಬಿಗ ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು ಹೊಳೆಯಂಚಿನ ಕಲ್ಲುದಾರಿ ಹಿಡಿದ. ಇವನು ಏದುಸಿರು ಬಿಡುತ್ತ ಹಿಂದೆ, ಇವನ ಹಿಂದೆ ವಸಂತಮ್ಮ. ಬಸ್ಸು ಕಣ್ಣಿಗೆ ಬೀಳುತ್ತಲೇ ವಸಂತಮ್ಮ ನೀರಿಗೆ ಕಾಲಿಳಿಬಿಟ್ಟು ಕೂತಳು. "ನೀವ್ ಹೋಗಿ. ನಂಗಾಗಲ್ಲ."

ಬಸ್ಸು ಮುಟ್ಟಿದಾಗ ನಾಲ್ಕೂ ನಲವತ್ತು. ಎಲ್ಲರೂ ಒಳಗೇ ಕೂತಿದ್ದರು. ಬಾಗಿಲು ಅಡ್ಡಗಟ್ಟಿ ನಿಂತವನು ಫ್ಯಾಕ್ಟರಿಯಲ್ಲಿ ಲೇತ್ ನಡೆಸುವ ಟರ್ನರ್ ಬೈರಪ್ಪ. ಹೋದ ತಿಂಗಳು ಮೂರು ನಿಮಿಷ ತಡವಾಯಿತೆಂದು ಹನುಮಂತರಾಯಪ್ಪ ಅವನನ್ನು ಗೇಟಿನಿಂದಲೇ ಮನೆಗೆ ಕಳಿಸಿದ್ದ.

"ಗೇಟ್ ಕ್ಲೋಸ್ ಆಯ್ತು ಸಾರ್. ನಾಳೆ ಬನ್ನಿ."

ಬಸ್ಸಿಗೆ ಬಸ್ಸೇ ಗೊಳ್ಳೆಂದಿತು. ಹನುಮಂತರಾಯಪ್ಪ ತಲೆ ತಗ್ಗಿಸಿದ. ಒಳಗೆ ಕೂತವರ ಕಾಲುಗಳು ಕಣ್ಣಿಗೆ ಬಿದ್ದವು, ಒಬ್ಬರದೂ ಒದ್ದೆಯಾಗಿರಲಿಲ್ಲ.

"ಯಾರೂ ಹೊಳೆಗೆ ಇಳೀಲಿಲ್ವೇನಯ್ಯ?"

"ಪಟ್ಟೀಲಿ ಇರ್ಲಿಲ್ವಲ್ಲ ಸಾರ್."

ಜೇಬಿನಿಂದ ಪಟ್ಟಿ ತೆಗೆದು ಕೆಳಗೆ ಬರೆದ: ಹೊಳೆ, ಒಂದು ಗಂಟೆ.

"ರುಜು ಹಾಕಿ ಸಾರ್. ಆಮೇಲೆ ನಾನ್ ಹೇಳೇ ಇಲ್ಲ ಅಂದ್ಬಿಡ್ತೀರ."

ರುಜು ಹಾಕಿದ. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಮೊದಲು ಇಳಿದರು. ಆಮೇಲೆ ಇಡೀ ಬಸ್ಸು ಬರಿದಾಯಿತು.

ಅವನು ವಸಂತಮ್ಮನ ಹತ್ತಿರ ಬಂದ.

"ಬಸ್ ಹೊರಟೋಯ್ತಾ?"

"ಇಲ್ಲ. ಇನ್ನೂ ಒಂದ್ ಗಂಟೆ ಇದೆ."

"ಹಂಗಾದ್ರೆ ಕೂತ್ಕೊಳ್ಳಿ."

ಕೂತ. ಎದ್ದ. ಅವಳು ಪಂಚೆ ಹಿಡಿದು ಎಳೆದಳು, ಮತ್ತೆ ಕೂತ. ತಣ್ಣನೆಯ ನೀರೊಳಗೂ ಅವನ ಪಾದಗಳು ಎಲ್ಲಿಗೋ ಹೊರಟಂತೆ ಅಲುಗುತ್ತಲೇ ಇದ್ದವು.