ಹೊತ್ತು ಮುಳುಗಿದ ಮೇಲೆ ಗೆದ್ದ ಶರ್ಯತ್ತು

ನಮ್ಮ ಮೋಟಾರು ಶರ್ಯತ್ತಿನ ತಂಡ ಸೋತು ಮುರಿಯಲಿಲ್ಲ, ಗೆದ್ದು ಮುರಿಯಿತು. ಗೋಕಾಕದಲ್ಲಿ ಇದನ್ನು ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ಮುರಿದವನು ನಾನೇ.

ಇಪ್ಪತ್ತಾರನೇ ಇಸವಿಯ ಮಾತು. ತಂಡವೆಂದರೆ ಮೂರೇ ಜನ. ಮೋಟಾರು ಹತ್ತಿ ವ್ಯಾಪಾರಿ ಕುಂಥುನಾಥ ಸಾವಕಾರರದು. ಓಡಿಸುವವನು ತುಕ್ಕಾನಟ್ಟಿಯ ಉದ್ದಪ್ಪ, ಮೊದಲು ಎತ್ತಿನ ಗಾಡಿಯ ಶರ್ಯತ್ತಿನಲ್ಲಿ ಹೆಸರು ಮಾಡಿದವನು. ಬಿಚ್ಚಿ ಕಟ್ಟುವ ಕೆಲಸ ಲಕ್ಕಪ್ಪನದು, ಅಂದರೆ ನನ್ನದು. ಓಟದಲ್ಲಿ ಉದ್ದಪ್ಪನ ಪಕ್ಕ ಕೂರುವವನೂ ನಾನೇ.

ನಮಗೆ ಎರಡು ಕಟ್ಟಳೆಗಳಿದ್ದವು. ಸೋಮವಾರ ಬಸವಣ್ಣನ ವಾರ, ಅಂದು ಎತ್ತಿನ ಹೆಗಲಿಗೆ ನೊಗ ಇಡಬಾರದು. ಮೋಟಾರಿಗೂ ಅದೇ ನ್ಯಾಯ ಎಂದ ಉದ್ದಪ್ಪ. ಜೈನರಾದ ಸಾವಕಾರರದು ಇನ್ನೊಂದು: ಹೊತ್ತು ಮುಳುಗಿದ ಮೇಲೆ ಓಡಿಸಬಾರದು, ದೀಪಕ್ಕೆ ಬಂದ ಹುಳಗಳು ಸಾಯುತ್ತವೆ. ಕಬ್ಬಿಣಕ್ಕೆ ಎಂಥ ಸೋಮವಾರ ಎಂದು ಊರು ನಕ್ಕಿತು. ನಾನೂ ನಕ್ಕೆ. ಆದರೆ ಆ ಬಿಡುವಿನ ದಿನ ಇಂಜಿನ್ನು ಬಿಚ್ಚಿ ತೊಳೆಯುತ್ತಿದ್ದೆನಾದ್ದರಿಂದ ನಮ್ಮ ಮೋಟಾರು ದಾರಿಯಲ್ಲಿ ಕೆಟ್ಟು ನಿಲ್ಲುತ್ತಿರಲಿಲ್ಲ. ಎರಡು ವರ್ಷದಲ್ಲಿ ನಾಲ್ಕು ಶರ್ಯತ್ತು ಗೆದ್ದೆವು.

ಒಮ್ಮೆ ಮೂಡಲಗಿಯವರು ಸೋಮವಾರವೇ ಶರ್ಯತ್ತು ಇಟ್ಟರು. ಸಾವಕಾರರು ಹೆಸರು ವಾಪಸು ತೆಗೆದುಕೊಂಡರು. "ಉದ್ದಪ್ಪನ ಮಾತು ಮುರದು ನನಗ ಯಾವ ಗೆಲವೂ ಬ್ಯಾಡ" ಎಂದರು. ಅಂದಿನಿಂದ ಸಾವಕಾರರು ಹಾಕಿದ ಗೆರೆಯನ್ನು ಉದ್ದಪ್ಪ ದಾಟುವವನಲ್ಲ.

ಆಮೇಲೆ ಬಂದದ್ದು ಹುಕ್ಕೇರಿಯಿಂದ ಗೋಕಾಕಕ್ಕೆ ದೊಡ್ಡ ಶರ್ಯತ್ತು. ಬೆಳಗಾವಿಯಿಂದಲೂ ಒಂದು ಮೋಟಾರು ಬಂದಿತ್ತು. ನಿಶಾನೆ ತೋರಿಸಬೇಕಾದ ದೊಡ್ಡ ಮನುಷ್ಯರು ಊಟ ಮುಗಿಸಿ, ನಿದ್ದೆ ಮುಗಿಸಿ ಬಂದಾಗ ನಾಲ್ಕೂವರೆ ದಾಟಿತ್ತು. ನಡುದಾರಿಯಲ್ಲಿ ನಮ್ಮ ಗಾಲಿಯ ಗಾಳಿ ಹೋಯಿತು. ಅದನ್ನು ಬದಲಿಸಿ, ಬೆಳಗಾವಿಯವರನ್ನು ಹಿಂದೆ ಹಾಕುವಷ್ಟರಲ್ಲಿ ಸೂರ್ಯ ಮುಳುಗಿದ. ಗೋಕಾಕ ಇನ್ನೆರಡು ಮೈಲಿ ಇತ್ತು. ಉದ್ದಪ್ಪ ಮೋಟಾರನ್ನು ಬದಿಗೆ ನಿಲ್ಲಿಸಿದ.

"ಸಾವಕಾರ್ರು ಇಲ್ಲಿ ಅದಾರೇನು? ನಡಿಯೋ" ಎಂದೆ.

"ಅವರು ಇಲ್ಲಂದ್ರ ಅವರ ಮಾತೂ ಇಲ್ಲೇನು?"

ಹಿಂದಿನಿಂದ ಬೆಳಗಾವಿಯವರ ಸದ್ದು ಕೇಳತೊಡಗಿತು. ನನಗೆ ತಡೆಯಲಾಗಲಿಲ್ಲ. ಇಳಿದು, ಮುಂದಿನ ದೀಪದ ಡಬ್ಬಿಗೆ ಕೈಯಿಂದ ಕಾರ್ಬೈಡಿನ ಹರಳು ತುಂಬಿ, ಅದರ ಮೇಲೆ ನೀರು ಬಿಟ್ಟು, ಎದ್ದ ಗ್ಯಾಸಿಗೆ ಕಡ್ಡಿ ಗೀರಿ ದೀಪ ಹಚ್ಚಿದೆ. "ಪಾಪ ನನಗ ಇರಲಿ, ನೀ ಓಡಸು" ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಓಡಿಸಿದ.

ಗೆದ್ದೆವು. ಜನ ಹಲಗೆ ಬಾರಿಸುತ್ತ ಮುತ್ತಿಕೊಂಡರು. ಸಾವಕಾರರು ನನ್ನ ಕೈ ಹಿಡಿದು ಕೆಳಗಿಳಿಸಿದರು. ಆಮೇಲೆ ದೀಪದ ಗಾಜು ನೋಡಿದರು. ಅದರ ತುಂಬ ಹುಳ ಅಂಟಿದ್ದವು.

"ದೀಪ ಯಾರು ಹಚ್ಚಿದ್ರು?"

"ನಾನ್ರಿ" ಎಂದ ಉದ್ದಪ್ಪ.

ನನಗೂ ಬಾಯಿತ್ತು. ಕೊರಳಲ್ಲಿ ಹಾರವೂ ಇತ್ತು. ಸುಮ್ಮನಿದ್ದೆ.

ಮರುದಿನ ಸಾವಕಾರರು ಇಬ್ಬರನ್ನೂ ಕರೆಸಿದರು. "ಉದ್ದಪ್ಪ, ಇನ್ನ ನೀ ಬರಬ್ಯಾಡ" ಎಂದರು. ನನ್ನ ಕಡೆ ತಿರುಗಿ, "ಸ್ಟೇರಿಂಗು ನೀ ಹಿಡೀತಿ ಏನು?" ಎಂದು ಕೇಳಿ ಬಹಳ ಹೊತ್ತು ನೋಡುತ್ತಿದ್ದರು. ಹೂಂ ಎಂದೆ. ಉದ್ದಪ್ಪ ರುಮಾಲು ಸುತ್ತಿಕೊಂಡು ಹೋದ. ಮಿರಜದ ಕಡೆ ಎಲ್ಲೋ ಜನರನ್ನು ಸಾಗಿಸುವ ಸರ್ವಿಸ್ ಮೋಟಾರು ಓಡಿಸುತ್ತಾನೆಂದು ಆಮೇಲೆ ಕೇಳಿದೆ.

ನನಗೆ ಬಿಚ್ಚುವುದು ಬರುತ್ತಿತ್ತು, ಓಡಿಸುವುದು ಅಷ್ಟಕ್ಕಷ್ಟೆ. ಮೂರು ಶರ್ಯತ್ತು ಸೋತೆ, ಮೂರು ಸಲವೂ ರಸ್ತೆಯನ್ನು ಬೈದೆ. ಕುಣಿಯಲಾರದವಳಿಗೆ ನೆಲ ಡೊಂಕು. ಕಡೆಗೆ ದಡ್ಡಿ ಎಂಬ ಊರಿನ ಹತ್ತಿರ ಮೋಟಾರನ್ನು ಹಳ್ಳಕ್ಕೆ ಇಳಿಸಿದೆ. ಸಾವಕಾರರು ಅದನ್ನು ಮಾರಿಬಿಟ್ಟರು.

ಕೊಂಡವರು ಅದನ್ನು ಎತ್ತು ಹೂಡಿ ಎಳೆದುಕೊಂಡು ಹೋದ ದಿನ ನಾಚಿಕೆ ತಡೆಯಲಾರದೆ ಸಾವಕಾರರಿಗೆ ಹೇಳಿದೆ. "ಆವತ್ತ ದೀಪ ಹಚ್ಚಿದಾಂವ ನಾನ್ರಿ."

"ಗೊತ್ತೈತಿ. ನಮ್ಮ ಮನ್ಯಾಗ ಬಳ್ಳೊಳ್ಳಿ ಬರಾಂಗಿಲ್ಲ. ಕಾರ್ಬೈಡೂ ಹಂಗ ನಾರತೈತಿ, ನಮ್ಮ ಮೂಗಿಗೆ ಲಗೂನ ಹತ್ತತೈತಿ. ಆವತ್ತ ನಿನ್ನ ಕೈ ಹಿಡದಾಗ ತಿಳೀತು."

"ಮತ್ತ ಉದ್ದಪ್ಪನ್ನ ಯಾಕ ಬಿಡಿಸಿದ್ರಿ?"

"ಬಿಡಿಸೋ ಮನಸ ಇರಲಿಲ್ಲೋ. ಅಂವ ಹೋಗೂದು ನೋಡಿ ನೀ ಬಾಯಿ ಬಿಡ್ತಿ ಅಂತ ತಿಳದಿದ್ದೆ. ಸ್ಟೇರಿಂಗು ಕೊಟ್ಟಾಗರೆ ಹೇಳ್ತಿ ಅಂದಕೊಂಡೆ. ಒಂದು ವರ್ಷ ಕಾದೆ, ಲಕ್ಕಪ್ಪ."