ಕಾಲರಕ್ಕನ ಕ್ಯಾಸೆಟ್ಟು

"ಇವಳು ಉಸಿರೇ ತಗೋತಿಲ್ಲ ಕಣೇ," ಎಂದಳು ಕಾಲರಕ್ಕ.

ಪಕ್ಕದ ಹೊಲಿಗೆ ಮೆಷಿನ್ನಿನ ತೋಳಮ್ಮ ತಲೆ ಎತ್ತಲಿಲ್ಲ. "ಯಾರೇ?"

"ಹಾಡೋಳು. ಸಾಲು ಸಾಲಿನ ಮಧ್ಯೆ ಒಂದು ಉಸಿರು ಎಳ್ಕೋತಿದ್ಲು. ಈಗ ಕೇಳಿಸ್ತಾನೇ ಇಲ್ಲ."

"ನಮಗೇ ಉಸಿರು ಬಿಡೋಕೆ ಪುರುಸೊತ್ತಿಲ್ಲ, ಇನ್ನು ಅವಳಿಗೆಲ್ಲಿಂದ ಬರ್ಬೇಕು? ತಳ್ಳು ಈ ಕಡೆ."

ಕಾಲರಕ್ಕ ಅಂಗಿಯನ್ನು ತಳ್ಳಿದಳು. ಆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿ ಕೈಯಿಂದ ಕೈಗೆ ದಾಟುತ್ತ ಮೈ ಪಡೆಯುತ್ತಿತ್ತು. ಅವಳು ಕಾಲರ್ ಕೂಡಿಸಿದ ಮೇಲೆ ತೋಳಮ್ಮ ತೋಳು ಕೂಡಿಸಬೇಕು, ಅದರಾಚೆಯವಳು ಪಕ್ಕ ಮುಚ್ಚಬೇಕು, ಕೊನೆಯವಳು ಗುಂಡಿ ಹಾಕಬೇಕು. ಒಬ್ಬಳು ತಡ ಮಾಡಿದರೆ ಸಾಲಿಗೆಲ್ಲ ಬೈಗುಳ. ಗೋಡೆಯ ಮೇಲಿನ ಸ್ಪೀಕರಿನಿಂದ ಹಾಡು ಸುರಿಯುತ್ತಲೇ ಇತ್ತು.

ಆ ಹಾಡು ಇಲ್ಲಿಗೆ ಬಂದದ್ದೇ ಅವಳಿಂದ. ಸ್ಪೀಕರು ಹಾಕಿಸಿದ ದಿನ ಮ್ಯಾನೇಜರು ಎಲ್ಲರನ್ನೂ ನಿಲ್ಲಿಸಿಕೊಂಡು, ನಿಮಗಿಷ್ಟವಾದ ಹಾಡು ನೀವೇ ತನ್ನಿ, ಕೆಲಸದ ಬೇಸರ ಕಳೆಯಲಿ ಎಂದಿದ್ದ. ಕಾಲರಕ್ಕ ಟ್ರಂಕಿನ ತಳದಿಂದ ಹಳೆಯ ಕ್ಯಾಸೆಟ್ಟೊಂದನ್ನು ತೆಗೆದಳು. ಮಗಳು ಅದನ್ನು ಅಂಗಡಿಯಲ್ಲಿ ಪೆನ್‌ಡ್ರೈವಿಗೆ ಹಾಕಿಸಿಕೊಟ್ಟಳು.

ಮದುವೆಗೆ ಮುಂಚೆ, ಇಂಥದೇ ಇನ್ನೊಂದು ಕಾರ್ಖಾನೆಯಲ್ಲಿದ್ದಾಗ, ನಾಲ್ವರು ಹುಡುಗಿಯರು ಒಂದೇ ಕೋಣೆಯಲ್ಲಿದ್ದರು. ರಜೆಯ ದಿನ ಚಿಲಕ ಹಾಕಿಕೊಂಡು ಈ ಕ್ಯಾಸೆಟ್ ಹಚ್ಚುತ್ತಿದ್ದರು. ಮುಖಪುಟದಲ್ಲಿ ಗಂಡುಹುಡುಗನಂತೆ ಕೂದಲು ಕತ್ತರಿಸಿಕೊಂಡ ಹಾಡುಗಾರ್ತಿ, ಸೊಂಟದ ಮೇಲೆ ಕೈ. 'ನಾಳೆ ಬಂದರೆ ಬರಲಿ, ಇವತ್ತು ಬಾಗಿಲು ಹಾಕಿ' ಎಂದು ಅವಳು ಶುರುಮಾಡಿದರೆ ನಾಲ್ವರೂ ನೆಲ ಅದುರುವಂತೆ ಕುಣಿಯುತ್ತಿದ್ದರು. ಕೆಳಗಿನ ಮನೆಯ ಮುದುಕ ಸಿಟ್ಟಿಗೆದ್ದು ಕೋಲಿನಿಂದ ಸೂರು ಕುಟ್ಟುತ್ತಿದ್ದ. ಅದೂ ತಾಳಕ್ಕೆ ಕೂಡುತ್ತಿತ್ತು. ಅಪ್ಪ ಹೇಳಿದಂತೆ, ಆಮೇಲೆ ಗಂಡ, ಅತ್ತೆ, ಸೂಪರ್‌ವೈಸರು ಹೇಳಿದಂತೆ ಆಡಿದ ಕಾಲರಕ್ಕನ ಕೈಕಾಲುಗಳು ತಮ್ಮಷ್ಟಕ್ಕೆ ತಾವು ಆಡಿದ್ದು ಆ ಕೋಣೆಯಲ್ಲಿ ಮಾತ್ರ. ಬೇರೆ ಯಾವ ಆಸ್ತಿಯೂ ಅವಳ ಹೆಸರಿನಲ್ಲಿರಲಿಲ್ಲ.

ಸ್ಪೀಕರಿನಲ್ಲಿ ಮೊದಲ ಸಲ ಆ ದನಿ ಬಂದಾಗ ಇಡೀ ಸಾಲು ಗುನುಗಿತ್ತು. "ತೋಳಮ್ಮಾ, ನಿನ್ ಸೊಂಟ ಇನ್ನೂ ಸತ್ತಿಲ್ವಲ್ಲೇ!" ಎಂದು ಯಾರೋ ಕೂಗಿದ್ದರು. ಈಗ ಯಾರೂ ಗುನುಗುತ್ತಿರಲಿಲ್ಲ. ಗುನುಗಿದರೂ ಆ ಓಟಕ್ಕೆ ನಾಲಿಗೆ ಹೊರಳುತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ಅವಳು ಸೂಪರ್‌ವೈಸರನ ಗಾಜಿನ ಕೋಣೆಗೆ ಹೋದಳು. ಮಾತು ಮಾತಿಗೆ 'ಚುರುಕು, ಚುರುಕು' ಎನ್ನುವ ಅವನಿಗೆ ಹೆಂಗಸರು ಚುರುಕಪ್ಪ ಎಂದು ಹೆಸರಿಟ್ಟಿದ್ದರು.

"ಸಾರ್, ಹಾಡು ಏನೋ ಕೆಟ್ಟಿದೆ. ಅವಳ ದನಿ ಹೀಗಿರ್ಲಿಲ್ಲ."

ಚುರುಕಪ್ಪ ಅಗಿಯುತ್ತಲೇ ನಕ್ಕ. "ಕೆಟ್ಟಿಲ್ಲಮ್ಮ, ನಾವೇ ಸ್ಪೀಡು ಏರಿಸಿ ಓಡಿಸಿದೀವಿ. ವಾರಕ್ಕೊಂದು ಚೂರು, ವಾರಕ್ಕೊಂದು ಚೂರು. ಯಾರಿಗೂ ಗೊತ್ತೇ ಆಗ್ಲಿಲ್ಲ ನೋಡಿ! ಬೇರೆಯವರು ತಂದ ಹಾಡುಗಳನ್ನೂ ಓಡಿಸಿ ನೋಡಿದ್ವಿ, ಕೈ ಏಳಲ್ಲ. ನಿಮ್ಮದು ಹಾಕಿದ್ರೆ ಮಾತ್ರ ಎಲ್ಲರ ಕೈ ತಾನಾಗೇ ಓಡುತ್ತೆ. ನನಗೂ ಕೂಗಿ ಕೂಗಿ ಗಂಟಲು ಹರ್ಕೊಳ್ಳೋದು ತಪ್ಪಿತು."

"ಅದು ನಾವು ಕುಣೀತಿದ್ದ ಹಾಡು ಸಾರ್."

"ಅದಕ್ಕೇ ಮತ್ತೆ! ಸಾಹೇಬ್ರು ಬಾಗಿಲ ಹತ್ರ ನಿಮ್ಮ ಫೋಟೋ ಹಾಕಿಸ್ತಾರಂತೆ. ಅವಳದೇ ಇನ್ನೊಂದು ಕ್ಯಾಸೆಟ್ ಇದ್ರೆ ತನ್ನಿ."

ಅವನ ತುಟಿಯಂಚಿಗೆ ಮೊಟ್ಟೆಯ ಹಳದಿ ಅಂಟಿಕೊಂಡಿತ್ತು. ಮಾತಾಡಿದಂತೆಲ್ಲ ಅದೂ ಕುಣಿಯುತ್ತಿತ್ತು.

ಅವಳು ಬಂದು ಹೇಳಿದ್ದನ್ನು ಕೇಳಿ ತೋಳಮ್ಮ ಊದಿದ ಮಣಿಕಟ್ಟನ್ನು ನೀವಿಕೊಂಡಳು. "ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತಾರಲ್ಲ, ಹಾಗಾಯ್ತು ಬಿಡು ನಿನ್ನ ಕಥೆ." ಆಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿದಳು. "ಆ ಚುರುಕಪ್ಪ ಬೈದಿದ್ರೆ ಬೆನ್ನ ಹಿಂದಾದ್ರೂ ನಾವೂ ಬೈಕೋಬಹುದಿತ್ತು. ಹಾಡಿಗೆ ಏನಂತ ಬೈಯೋದೇ?"

ರಜೆಯ ದಿನ ಮಧ್ಯಾಹ್ನ ಕಾಲರಕ್ಕ ಒಗೆದ ಬಟ್ಟೆಯ ಗುಡ್ಡೆಯ ಮುಂದೆ ಕುಳಿತಳು. ಮಗಳ ಮೊಬೈಲಿನಲ್ಲಿ ಅಸಲು ಹಾಡುಗಳು ಹಾಗೇ ಇದ್ದವು. "ಹಾಕು. ಕಿವಿಯಾದ್ರೂ ತೊಳ್ಕೊಳ್ಳಲಿ," ಎಂದಳು.

ಹಾಡು ಶುರುವಾಯಿತು. ಅದೇ ದನಿ, ಸಾಲು ಸಾಲಿನ ನಡುವೆ ಅದೇ ಉಸಿರು. ಕಾಲರಕ್ಕ ಸುಖಕ್ಕಾಗಿ ಕಾದಳು. ಅದು ಬರಲಿಲ್ಲ. ಹಾಡು ಕುಂಟುತ್ತಿತ್ತು, ಮೈಗಳ್ಳಿಯಂತೆ ಪ್ರತಿ ಸಾಲಿನ ಕೊನೆಗೂ ಒರಗಿ ಕೂರುತ್ತಿತ್ತು. ಅವಳ ಕೈಗಳು ಹಾಡನ್ನು ಹಿಂದೆ ಹಾಕಿ ಬಟ್ಟೆ ಮಡಚುತ್ತಿದ್ದವು, ಅಂಗಿ, ಲಂಗ, ಟವಲು, ಅಂಗಿ. ಹಾಡುಗಾರ್ತಿ ಮತ್ತೆ ಉಸಿರಿಗೆ ನಿಂತಳು.

"ಎಷ್ಟೊತ್ತೇ ನಿಂದು? ಚುರುಕು, ಚುರುಕು!"

ಮಗಳು ಬೆಚ್ಚಿ ನೋಡಿದಳು. "ಯಾರಿಗಮ್ಮಾ ಬೈತಿದೀಯ?"

ಕಾಲರಕ್ಕ ಎದ್ದು ಬಚ್ಚಲಿಗೆ ಹೋದಳು. ಬಾಯಿ ಮುಕ್ಕಳಿಸಿ ಉಗಿದಳು, ಮತ್ತೆ ಮುಕ್ಕಳಿಸಿ ಉಗಿದಳು. ಆ ಮಾತು ಇನ್ನೊಬ್ಬರ ಎಂಜಲಿನಂತೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಕಾರ್ಖಾನೆಯವರು ಬೆನ್ನು ಬಗ್ಗಿಸಿದ್ದರು, ಕಣ್ಣು ಮಂಜು ಮಾಡಿದ್ದರು. ಅದನ್ನೆಲ್ಲ ಅವಳು ಹೊಟ್ಟೆಪಾಡೆಂದು ಕೊಟ್ಟಿದ್ದಳು. ಚಿಲಕ ಹಾಕಿದ ಆ ಕೋಣೆಯೊಳಗೂ ಅವರು ಚಪ್ಪಲಿ ಕಾಲಿನಲ್ಲಿ ನುಗ್ಗಿದ್ದರು. ಬಾಗಿಲು ತೆಗೆದವಳು ತಾನೇ.

"ನಿಲ್ಲಿಸ್ಲಾ ಅಮ್ಮಾ?"

"ಬೇಡ. ಮೊದಲಿಂದ ಹಾಕು," ಎಂದು ಅವಳು ಎರಡೂ ಕೈಗಳನ್ನು ತೊಡೆಯಡಿ ಒತ್ತಿಟ್ಟುಕೊಂಡು ಕುಳಿತಳು. ಹಾಡು ಮುಗಿಯುವವರೆಗೂ ಕೈಗಳು ಅಲ್ಲೇ ಮಿಸುಕಾಡುತ್ತಿದ್ದವು.

ಮರುದಿನ ಬಾಗಿಲ ಬಳಿ ಅವಳ ಫೋಟೋ ಬಂದಿತ್ತು. ಅವಳು ಅದರ ಕಡೆ ನೋಡದೆ ತನ್ನ ಜಾಗಕ್ಕೆ ಹೋಗಿ ಕುಳಿತಳು. ಸ್ಪೀಕರು ಕಿರುಚತೊಡಗಿತು, ಕಳೆದ ವಾರಕ್ಕಿಂತ ಇನ್ನೊಂದು ಚೂರು ವೇಗವಾಗಿ. ಸಾಲಿನ ಕೈಗಳೆಲ್ಲ ಒಟ್ಟಿಗೆ ಓಡಿದವು. ಕಾಲರಕ್ಕ ಕಾಲುಗಳನ್ನು ಪೆಡಲಿನಿಂದ ಇಳಿಸಿ ನೆಲದ ಮೇಲಿಟ್ಟಳು.

"ಕಾಲರ್ ತಳ್ಳೇ," ಎಂದಳು ತೋಳಮ್ಮ.

"ಇಲ್ಲ."

"ಯಾಕೇ? ಮೈ ಸರಿಯಿಲ್ವಾ?"

"ಸರಿಯಿದೆ. ಈ ಹಾಡಿಗೆ ನಾನು ಹೊಲಿಯಲ್ಲ."

"ಹುಚ್ಚೀ, ಹೊರಗೆ ಹಾಕ್ತಾರೆ ಕಣೇ!"

"ಹಾಕ್ಲಿ."

ತೋಳಮ್ಮನ ಮುಂದೆ ಇನ್ನೂ ನಾಲ್ಕೈದು ಅಂಗಿಗಳಿದ್ದವು. ಅವಳು ಅವುಗಳನ್ನು ನೋಡಿದಳು, ಗಾಜಿನ ಕೋಣೆಯ ಕಡೆ ನೋಡಿದಳು. ಮಕ್ಕಳ ಹೆಸರು ಹಿಡಿದು ಏನೋ ಗೊಣಗಿದಳು. ನಂತರ ಕತ್ತರಿಯನ್ನು ಅಂಗಿಗಳ ಮೇಲಿಟ್ಟು ಕೈ ಕಟ್ಟಿಕೊಂಡಳು.

ಅವಳಿಂದಾಚೆಯವಳಿಗೆ ಅಂಗಿ ಬರಲಿಲ್ಲ. ಅವಳಾಚೆಯವಳಿಗೂ ಬರಲಿಲ್ಲ. ಮೆಷಿನ್ನುಗಳು ಒಂದೊಂದಾಗಿ ಸುಮ್ಮನಾದವು. ಏನು ಎತ್ತ ಎಂದು ಪಕ್ಕದ ಸಾಲಿನವರೂ ಕಾಲು ತೆಗೆದು ಕತ್ತು ಚಾಚಿದರು. ಮೆಷಿನ್ನಿನ ಸದ್ದಿಲ್ಲದೆ ಆ ಹಾಡನ್ನು ಅವರು ಅಲ್ಲಿ ಕೇಳಿದ್ದು ಅದೇ ಮೊದಲು. ಬೋನಿನಲ್ಲಿ ಸಿಕ್ಕಿಬಿದ್ದ ಇಲಿಯ ದನಿ ಅದು.

"ಥೂ!" ಎಂದಳು ಗುಂಡಿ ಹಾಕುವವಳು. "ಇದಕ್ಕಾ ನಾವು ಕೈ ಓಡಿಸ್ತಿದ್ದಿದ್ದು?"

ಚುರುಕಪ್ಪ ಓಡಿಬಂದ. ಅವನ ಬಾಯಿ ತೆರೆದು ಮುಚ್ಚುತ್ತಿತ್ತು, ಹಾಡಿನ ಅಬ್ಬರದಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಅವನು ತಿರುಗಿ ಗಾಜಿನ ಕೋಣೆಗೆ ಓಡಿ ತಾನೇ ಸ್ಪೀಕರು ಆರಿಸಿದ.

ಮೇಲೆ ಫ್ಯಾನುಗಳಷ್ಟೇ ತಿರುಗುತ್ತಿದ್ದವು. ಬಾಗಿಲ ಕಡೆಯಿಂದ ಮ್ಯಾನೇಜರನ ಬೂಟಿನ ಸದ್ದು ಬರತೊಡಗಿತು. ಕಾಲರಕ್ಕ ಕೈ ಚಾಚಿ, ತೋಳಮ್ಮನ ಕೂದಲಿಗೆ ಸಿಕ್ಕಿಕೊಂಡಿದ್ದ ಬಿಳಿಯ ನೂಲಿನ ಎಳೆಯೊಂದನ್ನು ನಿಧಾನವಾಗಿ ಬಿಡಿಸತೊಡಗಿದಳು.