ಹನ್ನೆರಡು ಪದಗಳು

ಬೆಳ್ಳುಳ್ಳಿ ಸೀಯುತ್ತಿದೆ, ಹೌದು, ಸೀಯುತ್ತಿದೆ, ಒಲೆ ಆರಿಸಬೇಕು ಅಂದುಕೊಳ್ಳುತ್ತಲೇ ನಿಂಫಾ ಬಾಣಲೆಯ ಮುಂದೆ ನಿಂತಿದ್ದಾಳೆ, ರಾತ್ರಿ ಉಳಿದ ಅನ್ನ ತಳ ಹಿಡಿಯುತ್ತಿದೆ, ಬಾಗಿಲಾಚೆ ನುಗ್ಗೆಸೊಪ್ಪು ಬಿಡಿಸುತ್ತ ಕೂತ ಅತ್ತೆ, ಏನೇ ಅದು ವಾಸನೆ, ಮನೆ ಸುಡ್ತಿದೀಯಾ ಅನ್ನುತ್ತಾಳೆ, ಏನಿಲ್ಲ ನಾನಾಯ್, ಏನಿಲ್ಲಮ್ಮಾ ಅನ್ನುತ್ತಾಳೆ ಇವಳು — ಏನಿಲ್ಲ, ನಿಜಕ್ಕೂ ಏನೂ ಇಲ್ಲ, ನಿನ್ನೆಯಿಂದ ಆ ಖಾತೆಯಲ್ಲಿ ಏನೂ ಇಲ್ಲ, ಗಂಡ ರೊಡೆಲ್ ಹಡಗಿನ ಎಂಜಿನ್ ಕೋಣೆಯಲ್ಲಿ ವರ್ಷಗಟ್ಟಲೆ ಬೆಂದು ದುಡಿದದ್ದೆಲ್ಲ ಅದರೊಳಗಿತ್ತು. ಬ್ಯಾಂಕಿನವ್ರು ಪ್ರತೀ ಸಲ ಕತ್ತರಿಸ್ಕೋತಾರೆ ಕಣೇ, ಕ್ರಿಪ್ಟೋ ಆದ್ರೆ ಕಳ್ಸಿದ್ದು ಹಾಗೇ ಬರತ್ತೆ ಅಂತ ಅವನೇ ಅವಳ ಫೋನಿನಲ್ಲಿ ಖಾತೆ ತೆರೆದುಕೊಟ್ಟಿದ್ದ, ಹಡಗು ಹತ್ತುವ ಮುನ್ನ ಹಾಸಿಗೆಯ ಮೇಲೆ ಕೂರಿಸಿಕೊಂಡು ಆ ಖಾತೆ ತೆರೆಯುವ ಹನ್ನೆರಡು ಪದಗಳನ್ನು ಜಪಮಾಲೆಯ ಹಾಗೆ ಹೇಳಿಸಿದ್ದ, ಕೊಳ, ಏಣಿ, ನಿಂಬೆ — ಇದು ಬೀಗದ ಕೈ ನಿಂಫಾ, ಅಮ್ಮ ಕೇಳಿದ್ರೂ ಹೇಳ್ಬೇಡ, ಪಾದ್ರಿ ಕೇಳಿದ್ರೂ ಹೇಳ್ಬೇಡ, ಪೋಪ್ ಕೇಳಿದ್ರೆ? ಅಂತ ನಕ್ಕಿದ್ದಳು, ಪೋಪ್ ಕೇಳಿದ್ರೆ ನನ್ನ ನಂಬರ್ ಕೊಡು ಅಂದಿದ್ದ.

ಯಾರಾದರೂ ಕೇಳಿದ್ದರೆ ಹೇಳುತ್ತಿರಲಿಲ್ಲ, ಆಣೆಯಾಗಿ ಹೇಳುತ್ತಿರಲಿಲ್ಲ, ನಿನ್ನೆ ಬಂದ ಇಮೇಲು ಕೇಳಲಿಲ್ಲ, ಹೆದರಿಸಿತು — ಅದರ ನೆತ್ತಿಯಲ್ಲಿ ಖಾತೆಯ ಕಂಪನಿಯದೇ ನೀಲಿ ಗುರುತು, ಬೇರೆ ದೇಶದಿಂದ ಯಾರೋ ನಿಮ್ಮ ಖಾತೆಗೆ ಕೈ ಹಾಕಿದ್ದಾರೆ, ಕೂಡಲೇ ಭದ್ರಪಡಿಸಿಕೊಳ್ಳಿ, ರೊಡೆಲ್ ನಡುಕಡಲಲ್ಲಿ, ಫೋನು ಹೋಗುತ್ತಿಲ್ಲ, ಕಳ್ಳ ಬಾಗಿಲಿಗೆ ಬಂದಿದ್ದಾನೆ, ಕಾಯುವವಳು ತಾನೊಬ್ಬಳೇ, ಒತ್ತು ಅಂದಲ್ಲಿ ಒತ್ತಿದಳು, ಬರೆ ಅಂದಲ್ಲಿ ಬರೆದಳು, ಹನ್ನೆರಡರಲ್ಲಿ ಒಂದೂ ತಪ್ಪಲಿಲ್ಲ, ಅಷ್ಟು ಚೆನ್ನಾಗಿ ಕಲಿಸಿದ್ದ. ನಿಮ್ಮ ಖಾತೆ ಈಗ ಸುರಕ್ಷಿತ ಅಂತ ಬಂತು, ಅವಳು ಶಿಲುಬೆಯ ಗುರುತು ಹಾಕಿಕೊಂಡಳು, ದೇವರಿಗೆ ವಂದನೆ ಬೇರೆ ಹೇಳಿದಳು, ಅನ್ನಕ್ಕಿಟ್ಟು ಬಂದು ನೋಡಿದರೆ ಖಾಲಿ. ಕಳಿಸಿದವರ ವಿಳಾಸವನ್ನು ಆಮೇಲೆ ನೋಡಿದಳು, ಕಂಪನಿಯ ಹೆಸರಿಗೆ ಒಂದಕ್ಷರ ಹೆಚ್ಚು, ಮೊದಲೇ ಕಾಣಬೇಕಿತ್ತು, ಕುರುಡಿ, ಮುಂಡೇದು. ಠಾಣೆಯವನು ಕೆಟ್ಟವನಲ್ಲ, ಕುರ್ಚಿ ಕೊಟ್ಟ, ಬೀಗ ಯಾರೂ ಒಡೆದಿಲ್ಲ ಅಕ್ಕಾ, ಬೀಗದ ಕೈಯನ್ನ ನೀವೇ ಕೊಟ್ಟಿದೀರಿ, ಬರ್ಕೋತೀನಿ, ಆದ್ರೆ ವಾಪಸ್ ಬರತ್ತೆ ಅಂತ ಕಾಯ್ಬೇಡಿ ಅಂದ.

ಇದೇ ಕೊನೇ ಸಲ ಅಂದಿದ್ದ ರೊಡೆಲ್, ಅವನ ಸೊಂಟ ಹೋಗಿದೆ, ಬಗ್ಗಿದರೆ ಏಳಲು ಇನ್ನೊಬ್ಬರ ಕೈ ಬೇಕು, ಬಂದವನೇ ಆ ದುಡ್ಡಲ್ಲಿ ದೋಣಿ ಕೊಳ್ಳುವುದು, ಇಲ್ಲೇ ತಮ್ಮೂರು ಗುಯಿಂಬಾಲಿನ ದಡದಲ್ಲೇ ಮೀನು ಹಿಡಿದುಕೊಂಡಿರುವುದು, ಅತ್ತೆ ಹೊರಗಿಂದ ಅದನ್ನೇ ಶುರುಮಾಡಿದ್ದಾಳೆ, ದೋಣಿಗೆ ನನ್ನ ಹೆಸ್ರೇ ಇಡ್ಬೇಕು ಕಣೇ, ನಿನ್ ಹೆಸ್ರಿಟ್ರೆ ಮುಳುಗತ್ತೆ, ಕಿಸಕ್ಕೆಂದು ನಗುತ್ತಾಳೆ ಮುದುಕಿ, ಹೌದು ನಾನಾಯ್, ಮುಳುಗತ್ತೆ, ಮುಳುಗಿತು — ಫೋನು ಬಡಿದುಕೊಳ್ಳುತ್ತಿದೆ, ಅವನೇ, ಬಂದರು ಸೇರಿರಬೇಕು, ಎತ್ತಬಾರದು, ಎತ್ತಿಬಿಟ್ಟಿದ್ದಾಳೆ, ಪರದೆಯ ತುಂಬ ಅವನ ಮುಖ, ಏನ್ ಮೇಡಂ, ತಿಂಡಿ ಆಯ್ತಾ, ಕೇಳಿಲ್ಲಿ, ಇನ್ನೊಂದ್ ವರ್ಷಕ್ಕೆ ಸಹಿ ಹಾಕು ಅಂದ್ರು, ಆಗಲ್ಲ ಸಾರ್, ಹೆಂಡ್ತಿ ಕಾಯ್ತಿದಾಳೆ ಅಂದ್ಬಿಟ್ಟೆ, ಅವ್ರ ಮುಖ ನೋಡ್ಬೇಕಿತ್ತು ನೀನು, ಅಂತ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾನೆ, ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ, ರೊಡೆಲ್, ಹೋಯ್ತು, ಎಲ್ಲಾ ಹೋಯ್ತು, ಆ ಪದಗಳನ್ನ ನಾನೇ ಕೊಟ್ಬಿಟ್ಟೆ — ಅವನು ನಗುತ್ತಿದ್ದಾನೆ, ಹುಬ್ಬಿನ ಮೇಲೆ ಎಣ್ಣೆಯ ಕಪ್ಪು, ಬಾಯಿ ತೆರೆದೇ ಇದೆ, ಕಣ್ಣು ಮಿಟುಕುತ್ತಿಲ್ಲ, ಸಿಗ್ನಲ್ ಹೋಗಿದೆ, ಚಿತ್ರ ನಿಂತುಬಿಟ್ಟಿದೆ, ಕೇಳಿಸಿತೋ, ಕೇಳಿಸುವ ಮುಂಚೆಯೇ ನಿಂತಿತೋ, ರೊಡೆಲ್, ಕೇಳಿಸ್ತಾ, ಇನ್ನೊಮ್ಮೆ ಹೇಳಬೇಕೇ, ಇದನ್ನು ಇನ್ನೊಮ್ಮೆ ಹೇಗೆ ಹೇಳುವುದು, ರೊಡೆಲ್ — ಹುಬ್ಬಿನ ಮೇಲೆ ಎಣ್ಣೆಯ ಕಪ್ಪು, ಬಾಯಿ ತುಂಬ ನಗು, ನಗುತ್ತಲೇ ಇದ್ದಾನೆ